ಕಿರಮಂಜಿಗೆ ಕಣ್ಣು ಕಟ್ಟಿದಾಕಿ

ನನ್ನ ಡೈರಿಗೆ ಮಾತ್ರ ಗೊತ್ತಿರುವ ಅಂಜಿಕೆಯೊಂದಿದೆ: ನಾಲ್ಕು ಜನರೆದುರು ಬಾಯಿ ತೆರೆದರೆ ನನ್ನ ದನಿ ಒಡೆಯುತ್ತದೆ. ಬಿ.ಎ. ಪಾಸಾದರೂ ಹೋಗಿಲ್ಲ. ತೋಟದ ಕೆಲಸದ ಹುಸೇನಬಿಗೆ ಆ ಕಷ್ಟವಿಲ್ಲ. ಆಕೆಯನ್ನು ಯಾರೂ ಮಾತಾಡಿಸುವುದೇ ಇಲ್ಲ.

ಬಾದಾಮಿಯಲ್ಲಿ ನಮ್ಮ ಮನೆಗೆ ತಾಗಿದ ಸರಕಾರಿ ಬಂಗಲೆಯ ಹಿತ್ತಲು. ಹೊತ್ತು ಇನ್ನೂ ಹುಟ್ಟಿಲ್ಲ. ಹುಸೇನಬಿ ಕಾಡುಗುಲಾಬಿಯ ಕಾಂಡ ಸೀಳಿ, ಒಳಗೆ ಒಳ್ಳೆಯ ಗಿಡದ ಮೊಗ್ಗುಗಣ್ಣು ಕೂರಿಸಿ, ಗುಳೇದಗುಡ್ಡದ ಮಗ್ಗದಲ್ಲಿ ಉಳಿದ ಕೆಂಪು ನೂಲಿನಿಂದ ಬಿಗಿಯುತ್ತಾಳೆ. ಈ ಕಸಿಗೆ ಆಕೆಯ ಮಾತು ‘ಕಣ್ಣು ಕಟ್ಟೂದು’.

“ಉಸಿರು ಬಿಡಬ್ಯಾಡ್ರಿ ಬಾಯಾರ, ಕಣ್ಣು ಒಣಗತೈತಿ.”

“ಹಂಗಾರ ಸಾಯ್ಲೇನು?”

“ಎರಡು ಮಿಂಟು ಸಾಯ್ರಿ.”

ಈ ಗುಲಾಬಿ ಕ್ರಿಮ್ಸನ್ ಗ್ಲೋರಿ. ೧೯೩೫ರಲ್ಲಿ ಜರ್ಮನಿಯಲ್ಲಿ ಹೊರಬಂದ ಹೈಬ್ರಿಡ್ ಟೀ ತಳಿ. ಈಗ ನಲವತ್ತಮೂರು ವರ್ಷ ಹಳೆಯದು. ಮಖಮಲ್ಲಿನಂಥ ಕಡುಗೆಂಪು, ಅರಳಿ ಹಳತಾದಂತೆ ನೇರಳೆಗೆ ತಿರುಗುವ ಪಕಳೆ, ಕೋಣೆ ತುಂಬುವ ವಾಸನೆ. ಕತ್ತು ಮಾತ್ರ ಸೋಲುತ್ತದೆ, ಹೂವು ತಲೆ ತಗ್ಗಿಸುತ್ತದೆ. ಹುಸೇನಬಿಗೆ ಅದು ‘ಕಿರಮಂಜಿ’. “ತಲಿ ತಗ್ಗಿಸಿದ್ರೇನಾತು? ವಾಸನಿ ತಗ್ಗೇತೇನ್ರಿ?”

ಹಿಂದಿನ ಸಾಹೇಬರು ಬಿಟ್ಟುಹೋದ ಒಂದೇ ಒಂದು ಬಡಕಲು ಗಿಡದಿಂದ ಆಕೆ ಅರವತ್ತೆರಡು ಮಾಡಿದ್ದಾಳೆ. ದಿನಕ್ಕೆ ಎಪ್ಪತ್ತು ಕೊಡ ನೀರು, ಹದಿನಾಲ್ಕು ವರ್ಷ. ಆದರೂ ಹಾಜರಿ ಪುಸ್ತಕದಲ್ಲಿ ಆಕೆ ‘ನೀರು ಹಾಕುವವಳು’. ಈಗ ಕಾಯಂ ಮಾಲಿಯ ಹುದ್ದೆ ಬಂದಿದೆ. “ಆಕಿಗೇನು ಗೊತ್ತರಿ, ನೀರು ಹಾಕಾಕಿ” ಎನ್ನುತ್ತಾರೆ ಈಗಿನ ಸಾಹೇಬರು. ಬೇರೆ ಯಾರನ್ನೋ ನೋಡಿಟ್ಟಿದ್ದಾರಂತೆ. ನನ್ನ ಮೈ ಉರಿಯುತ್ತದೆ. ಕೊಡ ಹೊತ್ತ ಕೈಗೆ ಚಾಕು ಹಿಡಿಯಲು ಬಾರದೆಂದು ಇವರಿಗೆ ಹೇಳಿದವರ್‍ಯಾರು? ಹಿತ್ತಲಿಗೆ ಒಂದು ದಿನವಾದರೂ ಬಂದು ನೋಡಿದ್ದಾರೆಯೇ?

“ಬುಕ್ಕಿನ್ಯಾಗ ಮಾಲಿ ಅಂತ ಬರೀಲಿ ಬಾಯಾರ, ಅಷ್ಟ ಸಾಕು. ನನಗ ಓದಾಕ ಬರೂದಿಲ್ಲ. ಆದ್ರೂ ಬರೀಲಿ.”

ಭಾನುವಾರ ಬಾಗಲಕೋಟೆಯಲ್ಲಿ ಪುಷ್ಪ ಪ್ರದರ್ಶನ. ಕಿರಮಂಜಿಯ ಕುಂಡಕ್ಕೆ ಮೊದಲ ಬಹುಮಾನ. ಸಾಹೇಬರು ಹಾರ ಹಾಕಿಸಿಕೊಂಡು, “ಪುಣೆದಿಂದ ತರಿಸಿ ನಾನs ಕಸಿ ಮಾಡೇನಿ” ಎನ್ನುತ್ತಾರೆ. ಚಪ್ಪಾಳೆ. ಜನರ ಕಣ್ಣು ಕಟ್ಟುವುದರಲ್ಲಿ ಅವರೂ ಕಮ್ಮಿಯಿಲ್ಲ. ಕುಂಡಗಳಿಗೆ ನೀರು ಹಾಕಲು ಬಂದ ಹುಸೇನಬಿ ಕಂಬದ ಹಿಂದೆ ಕೊಡ ಹಿಡಿದು ನಿಂತಿದ್ದಾಳೆ. ನಾನು ಕುಂಡದತ್ತ ಬಾಗುತ್ತೇನೆ. ಕಸಿಯ ಗಂಟಿನ ಮೇಲೆ ಕೆಂಪು ನೂಲಿನ ಒಂದೆಳೆ. ತಾನು ಕಟ್ಟಿದ ಗಿಡಕ್ಕೆಲ್ಲ ಆಕೆ ಹಾಗೊಂದು ಎಳೆ ಸಡಿಲಾಗಿ ಉಳಿಸಿರುತ್ತಾಳೆ.

ಎದ್ದು ನಿಲ್ಲುತ್ತೇನೆ. ದನಿ ಒಡೆಯುತ್ತದೆ. ಒಡೆಯಲಿ.

“ಸಾಹೇಬರ, ಈ ನೂಲು ಪುಣೆದ್ದಲ್ಲ, ಗುಳೇದಗುಡ್ಡದ್ದು. ಕಟ್ಟಿದಾಕಿ ಮಾಲಿ ಹುಸೇನಬಿ.”