ತಪಾಸಣೆಗೆ ಕೂರಿಸಿದ ಹನ್ನೊಂದು ಮಕ್ಕಳು

ಬೇಗೂರಿನ ಆಚೆ, ಅಪಾರ್ಟ್‌ಮೆಂಟುಗಳು ಏಳುತ್ತಿರುವ ಊರೊಂದರ ಭಜನೆ ಮಂದಿರದಲ್ಲಿ ದುರ್ಗವ್ವ ಹಗಲು ಹೊತ್ತು ಕಟ್ಟಡ ಕೆಲಸಗಾರರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಸುರಪುರದ ಕಡೆಯಿಂದ ಬಂದು ಆರು ವರ್ಷ ತಾನೂ ಇಟ್ಟಿಗೆ ಹೊತ್ತವಳು. ಎರಡು ವರ್ಷದ ಮಗಳು ಕಟ್ಟಡದ ನೀರಿನ ತೊಟ್ಟಿಗೆ ಬಿದ್ದು, ಯಾರೋ ಕಂಡು ಎತ್ತಿದ್ದರಿಂದ ಬದುಕಿದ ದಿನವೇ ಅವಳು ಆ ಕೆಲಸ ಬಿಟ್ಟಳು. ಅಕ್ಕಪಕ್ಕದ ಶೆಡ್ಡುಗಳ ಕೂಸುಗಳನ್ನೂ ಸೇರಿಸಿಕೊಂಡು ಮರದಡಿ ಕೂತಳು. ಮಂದಿರದ ಟ್ರಸ್ಟಿನ ಅಧ್ಯಕ್ಷ ಶ್ಯಾಮಣ್ಣ ಅದನ್ನು ನೋಡಿ ಪಡಸಾಲೆ ಬಿಟ್ಟುಕೊಟ್ಟರು.

ನಾಲ್ಕು ವರ್ಷ ಅವರಿವರು ಕೊಟ್ಟ ಅಕ್ಕಿ ಬೇಳೆಯಲ್ಲೇ ನಡೆಯಿತು. ಕೊಡುವ ಕೈಗಳು ಕಡಿಮೆಯಾದ ಮೇಲೆ ಶ್ಯಾಮಣ್ಣ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿದರು. ಮಂದಿರದ ಟ್ರಸ್ಟಾದರೂ ಅಡ್ಡಿಯಿಲ್ಲ, ಆದರೆ ಎಲ್ಲ ಜಾತಿ ಧರ್ಮದ ಮಕ್ಕಳಿಗೂ ಬಾಗಿಲು ತೆರೆದಿರಬೇಕು, ನಿತ್ಯ ಇಪ್ಪತ್ತೈದು ಮಕ್ಕಳು ಬರಬೇಕು ಎಂದಿತು ಇಲಾಖೆ. ಮೊದಲನೆಯದು ಚಿಂತೆಯಾಗಲಿಲ್ಲ, ಬಿಹಾರದ ಮುಸ್ಲಿಂ ದಂಪತಿಯ ಅವಳಿಗಳು ದುರ್ಗವ್ವನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ.

ಇಲಾಖೆಯವರ ತಪಾಸಣೆಗೆ ಮೂರು ದಿನವಿದ್ದಾಗ ಮೇಸ್ತ್ರಿ ಕೆಲಸಗಾರರ ಒಂದು ಗುಂಪನ್ನು ಆನೇಕಲ್ ಹತ್ತಿರದ ಹೊಸ ಕಟ್ಟಡಕ್ಕೆ ಸಾಗಿಸಿದ. ಇಪ್ಪತ್ತೈದು ಮಕ್ಕಳಲ್ಲಿ ಹದಿನಾಲ್ಕೇ ಉಳಿದರು. ದುರ್ಗವ್ವನಿಗೆ ಅನ್ನ ಇಳಿಯಲಿಲ್ಲ.

"ಯಾಕವ್ವ ಇಂಗೆ ಒದ್ದಾಡ್ತೀಯ?" ಅಂದರು ಶ್ಯಾಮಣ್ಣ. "ನಮ್ಮ ಬಾಡಿಗೆ ಮನೆಗಳಲ್ಲಿ ಮಕ್ಕಳಿಲ್ವಾ? ಒಂದಿನಕ್ಕೆ ಕರ್ಕೊಂಡ್ ಬಂದು ಕೂರಿಸಿದ್ರಾಯ್ತು."

"ಹೆಸರು ಕೇಳಿದ್ರ ಏನ್ ಮಾಡೂದ್ರಿ?"

"ಆನೇಕಲ್‌ಗೆ ಓದ ಮಕ್ಕಳ ಹೆಸರೇ ಹೇಳ್ಕೊಡು. ಅನುದಾನ ತಪ್ಪೋದ್ರೆ ಬಾಗಿಲು ಹಾಕೋದೇ."

ಅವಳು ಹೇಳಿಕೊಟ್ಟಳು. ಎರಡು ದಿನ, ಹನ್ನೊಂದು ಮಕ್ಕಳಿಗೆ.

ತಪಾಸಣೆಗೆ ಬಂದ ಅಧಿಕಾರಿ ಭುವನೇಶ್ವರಿ ಹೆಚ್ಚು ಮಾತಾಡುವವರಲ್ಲ. ಹಾಜರಿ ಪುಸ್ತಕ ತಿರುವಿ, ಕೆಂಪು ಫ್ರಾಕಿನ ಹುಡುಗಿಯನ್ನು ಹತ್ತಿರ ಕರೆದರು.

"ನಿನ್ ಹೆಸರೇನು ಪುಟ್ಟಿ?"

ಹುಡುಗಿ ದುರ್ಗವ್ವನ ಕಡೆ ನೋಡಿತು. "ಅಕ್ಕ, ಮರ್ತೋಯ್ತು" ಎಂದು ಅಳತೊಡಗಿತು.

ದುರ್ಗವ್ವ ಅದನ್ನು ಎತ್ತಿಕೊಂಡಳು. ತನ್ನ ಭಯವನ್ನು ಈ ಕೂಸಿನ ಮೇಲೆ ಹೇರಿದೆನಲ್ಲ ಅನ್ನಿಸಿ ಅಧಿಕಾರಿಯ ಕಡೆ ತಿರುಗಿದಳು. "ಮೇಡಂ, ಇದರ ತಪ್ಪಲ್ರಿ. ಹನ್ನೊಂದು ಮಕ್ಳು ಇವತ್ತಷ್ಟ ಬಂದಾವ್ರಿ. ನನ್ನವು ಹದಿನಾಲ್ಕ. ಉಳಿದವು ಆನೇಕಲ್ ಕಡೆ ಹೋಗ್ಯಾವು. ಅಲ್ಲಿ ಅವನ್ನ ನೋಡೋರು ಯಾರೂ ಇಲ್ರಿ."

ಶ್ಯಾಮಣ್ಣ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಅಧಿಕಾರಿ ಬಹಳ ಹೊತ್ತು ಬರೆದರು. ತಂದಿಟ್ಟ ಟೀ ಮುಟ್ಟದೆ ಹೊರಟರು.

ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಶ್ಯಾಮಣ್ಣ ಪಡಸಾಲೆಯ ಕಡೆ ಬರುವುದನ್ನೇ ಬಿಟ್ಟರು. ಫೋನು ಬಡಿದುಕೊಂಡಾಗಲೆಲ್ಲ, ಪಡಸಾಲೆ ಖಾಲಿ ಮಾಡು ಅನ್ನುತ್ತಾರೇನೋ ಎಂದು ಅವಳು ಎತ್ತಲು ಹಿಂಜರಿಯುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಶ್ಯಾಮಣ್ಣನೇ ಕಾಗದ ಹಿಡಿದು ಬಂದರು. ಸುಳ್ಳು ಹಾಜರಿ ತೋರಿಸಿದ್ದಕ್ಕೆ ಟ್ರಸ್ಟಿಗೆ ಎಚ್ಚರಿಕೆ. ಕೇಳಿದಷ್ಟು ಅನುದಾನ ಇಲ್ಲ. ಹದಿನಾಲ್ಕು ಮಕ್ಕಳ ಲೆಕ್ಕದಲ್ಲಿ ಒಂದು ವರ್ಷಕ್ಕೆ ಮಾತ್ರ ಮಂಜೂರು. ಆನೇಕಲ್ ಹತ್ತಿರ ಜಾಗ ತೋರಿಸಿದರೆ ಅಲ್ಲಿನ ಮಕ್ಕಳ ವಿಷಯವನ್ನೂ ಪರಿಶೀಲಿಸುವುದಾಗಿ ಕೆಳಗೆ ಬರೆದಿತ್ತು.

"ಮಾಡ್ಸಿದ್ದು ನಾನು, ಎಚ್ಚರಿಕೆ ನನಗೇ ಬಂತು ಬಿಡು" ಅಂದರು ಶ್ಯಾಮಣ್ಣ. "ಸೋಮವಾರ ಜಾಗ ನೋಡಕ್ಕೆ ಓಗಾನ?"

ದುರ್ಗವ್ವ ಹೂಂ ಅಂದಳು. ಅಂದ ಕೂಡಲೇ ಬೇರೆ ಚಿಂತೆ ಹತ್ತಿತು: ತಾನು ಅಲ್ಲಿಗೆ ಹೋದರೆ ಇಲ್ಲಿನ ಹದಿನಾಲ್ಕನ್ನು ನೋಡುವವರು ಯಾರು?