ಅವ್ವ ನಾಲ್ಕು ಎಂದಳು

1958ರ ಜುಲೈನಲ್ಲಿ ದಾವಣಗೆರೆಯ ಡಾಕ್ಟರೊಬ್ಬರು ನಮ್ಮ ಅವ್ವನಿಗೆ ಗರ್ಭ ತೆಗೆಸಿಕೊಳ್ಳಬೇಕೆಂದು ಹೇಳಿದರು. ಆಗ ಅವಳಿಗೆ ಮೂರು ತಿಂಗಳು. ಹೃದಯ ದುರ್ಬಲವಾಗಿದೆ, ಇನ್ನೊಂದು ಹೆರಿಗೆ ತಡೆಯಲಾರದು ಎಂಬುದು ಅವರ ಮಾತು. ನನಗೆ ಹದಿಮೂರು ವರ್ಷ. ನನ್ನ ಕೆಳಗೆ ಇಬ್ಬರು ತಂಗಿಯರು.

ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಭಾನುವಾರ ಚರ್ಚು ತಪ್ಪಿಸಿದವರಲ್ಲ. ಆದರೂ ಡಾಕ್ಟರು ಹೇಳಿದಂತೆ ಮಾಡೋಣವೆಂದರು. ಇದ್ದ ಮಕ್ಕಳಿಗಾಗಿ ತಾಯಿ ಉಳಿದರೆ ದೇವರು ಅದನ್ನು ಪಾಪವೆನ್ನಲಾರ ಎಂಬುದು ಅವರ ವಾದ. ಕೊಟ್ಟವನು ಬೇಕಾದರೆ ತೆಗೆದುಕೊಳ್ಳಲಿ, ತಾನು ತೆಗೆಸುವುದಿಲ್ಲ ಎಂಬುದು ಅವ್ವನದು. ಹಲವು ದಿನ ಇದೇ ನಡೆಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಕೇಳಿದರು:

“ಮೂರು ಮಕ್ಕಳಿಗೆ ತಾಯಿ ಬ್ಯಾಡೇನು?”

“ನಾಕು ಅನ್ರಿ,” ಎಂದಳು ಅವ್ವ. “ಒಂದನ್ನ ಬಿಟ್ಟು ಎಣಿಸ್ತೀರಿ.”

ಕೊನೆಗೆ ಅಪ್ಪನೇ ಮಣಿದರು. ಹೆರಿಗೆಯವರೆಗೆ ವಿಶ್ರಾಂತಿ ಸಿಗಲೆಂದು ಅವ್ವನನ್ನು ಹರಿಹರದ ತವರಿಗೆ ಕಳಿಸಿದರು. ಅಜ್ಜಿಗೆ ಕೈಲಾಗುತ್ತಿರಲಿಲ್ಲ, ನೋಡಿಕೊಳ್ಳಲು ನಾನು ಶಾಲೆ ಬಿಟ್ಟು ಜೊತೆಗೆ ಹೋದೆ. ತಂಗಿಯರು ಅಪ್ಪನ ಬಳಿ ಉಳಿದರು.

ಮನೆಯ ಹಾಲು, ಮೊಟ್ಟೆ ಎಲ್ಲ ಅವ್ವನಿಗೆ, ಅಂದರೆ ಹೊಟ್ಟೆಯಲ್ಲಿದ್ದ ಅದಕ್ಕೆ. ಸಂಜೆಯ ಜಪಸರ ಮುಗಿದ ಮೇಲೆ ಅವ್ವ ಮಕ್ಕಳ ಹೆಸರು ಹಿಡಿದು ಒಬ್ಬೊಬ್ಬರಿಗೂ ಬೇಡಿಕೊಳ್ಳುತ್ತಿದ್ದಳು. ಯಾವಾಗಲೂ ಮೊದಲು ನನ್ನ ಹೆಸರು. ಆ ವರ್ಷ, ಇನ್ನೂ ಹೆಸರೇ ಇಲ್ಲದ ಅದರ ಸರದಿ ಮೊದಲು ಬಂತು. ಹೊಳೆಯಿಂದ ನೀರು ಹೊರುತ್ತಿದ್ದವಳು ನಾನು. ಅವ್ವ ಕೂತು ಮಾತಾಡುತ್ತಿದ್ದುದು ಅದರೊಂದಿಗೆ. ಒಂದು ದಿನ ಕೊಡವನ್ನು ಕುಕ್ಕಿ ಕೇಳಿಯೇಬಿಟ್ಟೆ:

“ನನ್ನ ಬಸುರಿದ್ದಾಗ ಡಾಕ್ಟರು ಹಿಂಗೆ ಹೇಳಿದ್ರೆ ಏನ್ಮಾಡ್ತಿದ್ದೆ?”

“ಇದನ್ನೇ ಮಾಡ್ತಿದ್ದೆ. ನಿನ್ನ ಮುಖಾನೂ ನಾನೇನ್ ಆಗ ನೋಡಿರ್ಲಿಲ್ಲ. ಇಷ್ಟು ಬಾಯಿ ಮಾಡ್ತಿ ಅಂತಾನೂ ಗೊತ್ತಿರ್ಲಿಲ್ಲ.”

ಜನವರಿಯಲ್ಲಿ ತಮ್ಮ ಹುಟ್ಟಿದ. ಅವ್ವ ಉಳಿದಳು, ಆದರೆ ಮತ್ತೆ ಕೊಡ ಎತ್ತಲಿಲ್ಲ, ತವರಿನಲ್ಲೇ ಉಳಿಯಬೇಕಾಯಿತು. ಕೂತಲ್ಲೇ ಅವನ ತಲೆ ಬಾಚಿದಳು, ಅಕ್ಷರ ಕಲಿಸಿದಳು. ಅವಳ ಇಡೀ ದಿನ ಅವನದಾಯಿತು. ನಾನು ಚಿಕ್ಕವಳಿದ್ದಾಗ ಅವ್ವ ಹೀಗೆ ಬಿಡುವಾಗಿ ಕೂತದ್ದನ್ನು ಕಂಡಿಲ್ಲ. ಅವನು ಹುಟ್ಟಿದ ಮರುವರ್ಷ ನಾನು ದಾವಣಗೆರೆಗೆ ಮರಳಿ, ನನಗಿಂತ ಚಿಕ್ಕವರ ಪಕ್ಕದಲ್ಲಿ ಶಾಲೆಯ ಬೆಂಚಿನ ಮೇಲೆ ಕೂತೆ.

ಅರವತ್ತರ ದಶಕದ ನಡುವೆ, ಗರ್ಭಪಾತದ ಕಾನೂನನ್ನು ಸಡಿಲಿಸಬೇಕೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ಬಂತು. ಆಗ ನಾನು ದಾವಣಗೆರೆಯ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ಜೊತೆಯವರು ಕೇಳಿದಾಗ ಬೇಡ ಎಂದೆ. ತಾಯಂದಿರ ಕಷ್ಟ ನಿನಗೇನು ಗೊತ್ತು ಎಂದರು. ಗೊತ್ತಿತ್ತು. ತಮ್ಮನ ಮೇಲಿನ ಪ್ರೀತಿಯಿಂದ ಹಾಗೆಂದೆ ಎಂದರೆ ಅದೂ ನಿಜವಲ್ಲ. ಅವನನ್ನು ಕಂಡರೆ ಆಗಲೂ ಹೊಟ್ಟೆ ಉರಿಯುತ್ತಿತ್ತು. ಆದರೆ ಎಣಿಸುವಾಗ ಅವನನ್ನು ಬಿಡುವುದು ನನ್ನಿಂದಾಗಲಿಲ್ಲ. ಅವನನ್ನು ಬಿಡಬಹುದಾದರೆ ನನ್ನನ್ನೂ ಬಿಡಬಹುದಿತ್ತು. ಈಗಲೂ ನನ್ನ ನಿಲುವು ಅದೇ.

1967ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅವ್ವ ಹರಿಹರದಲ್ಲಿ ತೀರಿಕೊಂಡಳು. ತಮ್ಮ ಅವಳ ಕೈ ಹಿಡಿದು ಕೂತಿದ್ದ. ಕಾಯಿಲೆ ಜೋರಾಗಿದೆಯೆಂದು ತಿಳಿದು ಹೊರಟಿದ್ದ ನನ್ನ ಬಸ್ಸು ಆಗ ದಾರಿ ನಡುವಿನ ಬಾತಿಯನ್ನಷ್ಟೇ ದಾಟಿತ್ತು.