ಜವಳಗೇರಾದ ಮಾಳಿಗೆಯ ಮೇಲೆ ಕೊಳೆತ ಪಾಲಕ್

2022ರಲ್ಲಿ ನಾನು ಸಿಂಧನೂರಿನಲ್ಲಿ ಒಂದು ಸೇವಾಸಂಸ್ಥೆಯ ಕ್ಷೇತ್ರ ಮೇಲ್ವಿಚಾರಕನಾಗಿದ್ದೆ. ಸಂಸ್ಥೆಯ ಹೆಸರು ಬೇಡ, ಬರೆದರೆ ಕೈ ತೊಳೆದುಕೊಳ್ಳಬೇಕೆನಿಸುತ್ತದೆ. ಹನ್ನೆರಡು ಹೆಣ್ಣುಮಕ್ಕಳಿಗೆ ಹೈಡ್ರೋಪೋನಿಕ್ಸ್ ಕಿಟ್ ಕೊಡುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂತು. ಹೈಡ್ರೋಪೋನಿಕ್ಸ್ ಎಂದರೆ ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವುದು. ತೂತು ಕೊರೆದ ಪಿವಿಸಿ ಪೈಪು, ತೂತಿಗೊಂದು ಜಾಲರಿ ಲೋಟ, ಲೋಟದಲ್ಲಿ ಸ್ಪಂಜಿನೊಳಗೆ ಮೊಳೆತ ಸಸಿ. ಪೋಷಕಾಂಶ ಬೆರೆಸಿದ ನೀರನ್ನು ಪಂಪು ಡ್ರಮ್ಮಿನಿಂದ ಎತ್ತಿ ಪೈಪಿನಲ್ಲಿ ಹರಿಸುತ್ತದೆ, ಅದು ಸುತ್ತಿ ಮತ್ತೆ ಡ್ರಮ್ಮಿಗೇ ಬೀಳುತ್ತದೆ.

ತರಬೇತಿ ಎರಡು ದಿನ ಎಂದಿತ್ತು. ನಡೆದದ್ದು ಒಂದೇ ದಿನ, ಅದೂ ಮಧ್ಯಾಹ್ನದವರೆಗೆ. ಬ್ಯಾನರ್ ಕಟ್ಟಿದೆವು, ಭಾಷಣ ಕೇಳಿದೆವು, ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಫೋಟೊ ತೆಗೆಸಿಕೊಂಡೆವು. ಕಿಟ್ ಮಾರಿದ ಏಜೆಂಟ್ ಬೀಜ ಊರುವುದನ್ನೂ ಡ್ರಮ್ ತುಂಬುವುದನ್ನೂ ತೋರಿಸಿ, ಉಳಿದದ್ದು ನಾಳೆ ಎಂದು ಹೋದವನು ಮರುದಿನ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಎರಡೂ ದಿನದ ಸಹಿ ಇತ್ತು. ಅದನ್ನು ಮೊದಲ ದಿನವೇ ಹಾಕಿಸಿಕೊಂಡವನು ನಾನು.

ಆ ಹನ್ನೆರಡು ಜನರಲ್ಲಿ ಜವಳಗೇರಾದ ಮಲ್ಲಮ್ಮ ಒಬ್ಬರು. ಇಪ್ಪತ್ತು ವರ್ಷ ಕಾಲುವೆ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದ ಕೈ. ಕಿಟ್ ಇಳಿಸಲು ಹೋದಾಗ ಅವರು ಕಾಲು ಮುಂದೆ ಚಾಚಿ ತೋರಿಸಿದರು.

“ಕೆಸರಾಗ ನಿಂತು ನಿಂತು ಬೆರಳ ಸಂದ್ಯಾಗ ಹುಣ್ಣ ಆಗ್ಯಾವ್ರೀ ಸರ. ಈ ಸಲ ನಾಟಿಗೆ ಬರಂಗಿಲ್ಲ ಅಂತ ಗುಂಪಿನ್ಯಾಗ ಹೇಳಿಬಿಟ್ಟೀನಿ. ಇದ ನನ್ನ ಕೈ ಹಿಡೀಬೇಕು.”

ನಾಟಿ ಗುಂಪಿನಿಂದ ಒಬ್ಬರು ಹೊರಬಿದ್ದರೆ ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ, ಹಂಗಾಮು ಮುಗಿಯುವ ತನಕ ಆ ಜಾಗ ಮತ್ತೆ ಸಿಗುವುದಿಲ್ಲ. ಅದು ಗೊತ್ತಿದ್ದೂ ನಾನು “ಚಿಂತಿ ಮಾಡಬ್ಯಾಡ್ರಿ” ಎಂದೆ. ಬಾಯಿಮಾತಿಗೇನು ಬರ?

ಪಾಲಕ್ ಚೆನ್ನಾಗಿಯೇ ಮೊಳೆಯಿತು. ಮೂರನೇ ವಾರ ಅವರ ಫೋನು ಬಂತು. “ಎಲಿ ಹಳದಿ ಆಗಾಕತ್ತಾವ್ರೀ ಸರ, ಒಂದೀಟು ಬಂದು ನೋಡ್ರಿ.” ಇವತ್ತು ನಾಳೆ ಎನ್ನುತ್ತ ನಾನು ಹೋದದ್ದು ಎಂಟು ದಿನ ಬಿಟ್ಟು.

ಮೆಟ್ಟಿಲಲ್ಲೇ ವಾಸನೆ ಮೂಗಿಗೆ ಬಡಿಯಿತು, ಬಚ್ಚಲ ಮೋರಿ ಕೆದಕಿದ ವಾಸನೆ. ಮಾಳಿಗೆ ಹತ್ತಿ ಒಂದು ಲೋಟ ಎತ್ತಿದೆ. ಬೇರು ಕಂದು ಲೋಳೆಯಾಗಿ ಬೆರಳಿಗೆ ಅಂಟಿಕೊಂಡಿತು. ಮಲ್ಲಮ್ಮ ಪೈಪಿನ ಬಾಯಿಗೆ ಬಟ್ಟೆ ತುರುಕಿ ನೀರು ನಿಲ್ಲಿಸಿದ್ದರು, ಪಂಪು ಬಂದ್ ಮಾಡಿದ್ದರು. ಗದ್ದೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸುವ ಕೈ, ಹರಿದು ಹೋಗುವ ನೀರನ್ನು ನೋಡಿ ಸುಮ್ಮನಿರಲಿಲ್ಲ. ಎಲೆ ಹಳದಿಯಾದಾಗ ಭತ್ತಕ್ಕೆ ಮಾಡುವಂತೆಯೇ ಡ್ರಮ್ಮಿಗೆ ಎರಡು ಹಿಡಿ ಯೂರಿಯಾವನ್ನೂ ಹಾಕಿದ್ದರು.

ಸಿಂಧನೂರಿಗೆ ಮರಳಿ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಅವರು ಕತ್ತು ಕೂಡ ಎತ್ತಲಿಲ್ಲ. “ನಾಡಿದ್ದ ರೊಕ್ಕ ಕೊಟ್ಟೋರು ನೋಡಾಕ ಬರ್ತಾರ. ಅಲ್ಲಿ ಹಸರ ಕಾಣಬೇಕು, ಅಷ್ಟ.”

ಏಜೆಂಟ್ ಮಸ್ಕಿ ಸಂತೆಯಿಂದ ಪಾಲಕ್ ಸಿವುಡು ತಂದ. ಸಿಂಧನೂರಲ್ಲಿ ಕೊಂಡರೆ ಗುರುತಿನವರು ಕೇಳುತ್ತಾರಂತೆ! ಬೇರು ಕತ್ತರಿಸಿ ಲೋಟಕ್ಕೆ ನಾಲ್ಕು ದಂಟಿನಂತೆ ಸಿಕ್ಕಿಸಿದೆವು. ಸಿಕ್ಕಿಸುವಾಗ ನಾನೂ ಕೈ ಹಚ್ಚಿದೆ. ಮಲ್ಲಮ್ಮ ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದರು.

ಬಂದ ದೊಡ್ಡವರು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು, ತಾಜಾ ರುಚಿಯೇ ಬೇರೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹಲ್ಲು ಕಿರಿದೆ. ಫೋಟೊ ಮುಗಿಯುವವರೆಗೆ ಕಿರಿದ ಹಲ್ಲು ಮುಚ್ಚಲಿಲ್ಲ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎನ್ನುತ್ತಾರಲ್ಲ, ಆ ಹುಳುಕಿನ ಹುಳ ನಾನೇ ಆಗಿದ್ದೆ.

ಕಾರುಗಳು ಹೋದ ಮೇಲೆ ಮಲ್ಲಮ್ಮ ಮೆಲ್ಲಗೆ ಕೇಳಿದರು. “ಸರ, ಎರಡನೇ ದಿನ ಏನ ಹೇಳಿಕೊಡೂದಿತ್ರೀ?”

ಅಲ್ಲೇ ನಿಂತು ಹೇಳಿದೆ. ನೀರು ತೆಳ್ಳಗೆ ಹರಿಯುತ್ತಲೇ ಇರಬೇಕು, ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಭತ್ತದ ಗಿಡಕ್ಕೆ ಒಳಗಿನಿಂದ ಬೇರಿನವರೆಗೆ ಗಾಳಿ ಇಳಿಯುವ ದಾರಿಯಿದೆ, ಪಾಲಕ್ಕಿಗೆ ಅದಿಲ್ಲ. ಡ್ರಮ್ಮಿಗೆ ಕಿಟ್ಟಿನ ದ್ರಾವಣ ಬಿಟ್ಟು ಬೇರೆ ಗೊಬ್ಬರ ಹಾಕಬಾರದು. ಎಲ್ಲ ಹೇಳಲು ಹದಿನೈದು ನಿಮಿಷ ಹಿಡಿಯಿತು.

“ಇಷ್ಟ ಏನ್ರೀ?”

“ಇಷ್ಟ.”

ಹೊಸ ಬೀಜ, ದ್ರಾವಣ ಕೊಡಿ ಎಂದು ನಾನು ಕೇಳಿದ್ದಕ್ಕೆ ಸಂಸ್ಥೆ, ಯಶಸ್ವಿಯಾದ ಘಟಕಕ್ಕೆ ಮತ್ತೇಕೆ ಎಂದಿತು. ಮಲ್ಲಮ್ಮ ಹುಣ್ಣಿನ ಕಾಲಲ್ಲೇ ನಾಟಿ ಗುಂಪಿಗೆ ಕೇಳಲು ಹೋದರು. ಜಾಗ ತುಂಬಿತ್ತು. ಆ ಹಂಗಾಮು ಅವರಿಗೆ ಗದ್ದೆಯೂ ಇಲ್ಲ, ಪೈಪೂ ಇಲ್ಲ.

ಕಿಟ್ ವಾಪಸ್ ಕೊಡುತ್ತೀರಾ ಎಂದು ಕೇಳಲು ಹೋದ ದಿನ ಅವರು ಪೈಪುಗಳನ್ನು ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟಿದ್ದರು. “ಇರಲಿ ಬಿಡ್ರಿ. ಮುಂದ ಯಾರಿಗಾರ ಕಲಸೂದಿದ್ರ ನನ್ನ ಕರೀರಿ. ಎರಡನೇ ದಿನದ್ದು ನಾ ಹೇಳ್ತೀನಿ.”

ಕರೆಯುವ ಪ್ರಸಂಗ ಬರಲಿಲ್ಲ. ಮುಂದಿನ ತಂಡದ್ದೂ ಅರ್ಧ ದಿನದ ತರಬೇತಿ, ಎರಡು ದಿನದ ಸಹಿ. ಆ ಪುಸ್ತಕ ಮೇಜಿಗೆ ಬಂದ ದಿನ ನೌಕರಿ ಬಿಟ್ಟು ನನ್ನ ಊರು ಗುರುಗುಂಟಾಕ್ಕೆ ಬಂದೆ. ಹೊಸದಾಗಿ ಕಲಿಯುವವರು ಮಾಡುವ ತಪ್ಪಿನಲ್ಲಿ ಅರ್ಧ ಪಾಲು ಕಲಿಸಬೇಕಾದವನದು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಮಲ್ಲಮ್ಮನವರ ವಿಷಯದಲ್ಲಿ ಅರ್ಧವೂ ಅಲ್ಲ, ಪೂರ್ತಿ ನನ್ನದೇ.